ಆಕ್ಷೇಪಿಸಿದೆ, ಆದರೂ ಮಾಡಿದೆ

ಪ್ರಶ್ನೆ: ಲೋಹದ ಶೀಟನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್‌ಗಳಿರುವ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸ ಮಾಡುತ್ತೇನೆ. ಒಂದು ಪ್ರೆಸ್‌ನ ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಬೆಳಕಿನ ಕಿರಣಗಳ ತೆರೆ) ಮೇಲಿಂದ ಮೇಲೆ ಟ್ರಿಪ್ ಆಗಿ ಲೈನ್ ನಿಲ್ಲುತ್ತಿತ್ತು. ಸೂಪರ್‌ವೈಸರ್ ಬಂದು, "ಸದ್ಯಕ್ಕೆ ಬೈಪಾಸ್ ಮಾಡು, ಆರ್ಡರ್ ಮುಗಿಯಲಿ, ಏನಾದರೂ ಆದರೆ ನನ್ನ ಜವಾಬ್ದಾರಿ" ಎಂದರು. "ಸರ್, ಇದು ಸರಿ ಅಲ್ವೇನೋ" ಎಂದೆ. ಅವರು ಇನ್ನೊಮ್ಮೆ ಹೇಳಿದರು. ಕರ್ಟನ್ ಕೆಲಸ ಮಾಡದಂತೆ ಜಂಪರ್ ವೈರ್ ಹಾಕಿದೆ. ಎರಡು ಶಿಫ್ಟ್ ಹಾಗೇ ಓಡಿತು, ಯಾರಿಗೂ ಏನೂ ಆಗಲಿಲ್ಲ, ಆಮೇಲೆ ಜಂಪರ್ ತೆಗೆದೆ. ಅವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ತಪ್ಪು ಕಂಡರೆ ಹೇಳುವವನು ನಾನು ಎಂದುಕೊಂಡಿದ್ದೆ. ನಾನು ಪುಕ್ಕಲನೇ? ಮೇಲಿನವರ ಮಾತನ್ನು ಎಲ್ಲಿಯವರೆಗೆ ಕೇಳಬೇಕು? ಮುಂದಿನ ಸಲ ಏನು ಹೇಳಲಿ?

ಉತ್ತರ: "ಇದು ಸರಿ ಅಲ್ವೇನೋ ಎಂದೆ." ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಇದು. ಕಣ್ಣುಮುಚ್ಚಿ ಆಜ್ಞೆ ಪಾಲಿಸುವವರು ತುಟಿಪಿಟಕ್ಕೆನ್ನದೆ ತಲೆಯಾಡಿಸುತ್ತಾರೆ ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ದೊಡ್ಡ ಅನಾಹುತಗಳ ತನಿಖಾ ವರದಿಗಳನ್ನು ಓದಿದರೆ ಬೇರೆಯದೇ ಕಾಣುತ್ತದೆ. ಅಲ್ಲಿ ಯಾರೋ ಒಬ್ಬರು ಸಂಶಯ ಹೇಳಿರುತ್ತಾರೆ. ಹೇಳಿ, ಮೇಲಿನವರ ಉತ್ತರ ಕೇಳಿಸಿಕೊಂಡು, ಕೆಲಸ ಮುಂದುವರಿಸಿರುತ್ತಾರೆ. ಆಕ್ಷೇಪ ಹೇಳಿದಾಗ ಮನಸ್ಸು ಅರ್ಧ ಹಗುರಾಗುತ್ತದೆ, 'ನಾನು ಹೇಳಿದ್ದೆ' ಎಂಬ ಸಮಾಧಾನ ಸಿಗುತ್ತದೆ. ಆ ಸಮಾಧಾನವೇ ಕೈಯನ್ನು ಮುಂದಿನ ಕೆಲಸಕ್ಕೆ ಬಿಟ್ಟುಕೊಡುತ್ತದೆ.

ಪುಕ್ಕಲತನದ ಪ್ರಶ್ನೆಗೆ ಉತ್ತರ 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ಆರಂಭಿಸಿದ ಪ್ರಯೋಗದಲ್ಲಿದೆ. ಜಾಹೀರಾತು ನೋಡಿ ಬಂದ ಸಾಮಾನ್ಯ ಜನರಿಗೆ 'ಶಿಕ್ಷಕ'ನ ಪಾತ್ರ ಕೊಟ್ಟರು. ಪಕ್ಕದ ಕೋಣೆಯಲ್ಲಿ ಕೂತವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಒಂದು ಸ್ವಿಚ್ ಒತ್ತಿ ಅವನಿಗೆ ವಿದ್ಯುತ್ ಆಘಾತ ಕೊಡಬೇಕು. ಯಂತ್ರದಲ್ಲಿ 30 ಸ್ವಿಚ್‌ಗಳು, 15 ವೋಲ್ಟ್‌ನಿಂದ 450ರವರೆಗೆ, ಪ್ರತಿ ಹೆಜ್ಜೆಗೆ 15 ವೋಲ್ಟ್ ಹೆಚ್ಚು. ಆಘಾತ ನಿಜವಾದದ್ದಲ್ಲ, ಪಕ್ಕದ ಕೋಣೆಯವನು ನಟಿಸುತ್ತಿದ್ದ. ಇದು 'ಶಿಕ್ಷಕ'ನಿಗೆ ಗೊತ್ತಿರಲಿಲ್ಲ. 1963ರಲ್ಲಿ ಪ್ರಕಟವಾದ ಮೊದಲ ಫಲಿತಾಂಶದ ಪ್ರಕಾರ 40 ಜನರಲ್ಲಿ 26 ಮಂದಿ ಕೊನೆಯ ಸ್ವಿಚ್ಚನ್ನೂ ಒತ್ತಿದರು. 300 ವೋಲ್ಟ್‌ಗಿಂತ ಮೊದಲು ಒಬ್ಬರೂ ನಿಲ್ಲಿಸಲಿಲ್ಲ. ಸಾವಿರಕ್ಕೆ ಒಬ್ಬ ಕೊನೆಯವರೆಗೆ ಹೋದಾನು ಎಂದು ಮನೋವೈದ್ಯರು ಮೊದಲೇ ಅಂದಾಜಿಸಿದ್ದರು.

ಈ ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಇದನ್ನು: ಕೊನೆಯವರೆಗೆ ಹೋದವರು ಕಲ್ಲಿನಂತೆ ಕೂತಿರಲಿಲ್ಲ. ಬೆವರಿದರು, ನಡುಗಿದರು, ತೊದಲಿದರು, ತುಟಿ ಕಚ್ಚಿಕೊಂಡರು. ಸಾಕು ಎಂದು ಬಾಯಿಬಿಟ್ಟು ಹೇಳಿದವರೂ ಇದ್ದರು. ಹೇಳುತ್ತಲೇ ಮುಂದಿನ ಸ್ವಿಚ್ ಒತ್ತಿದರು. ನೀವು ಮಾಡಿದ್ದೂ ಅದೇ. ಹಾಗಾಗಿ ಇದನ್ನು ನಿಮ್ಮ ಸ್ವಭಾವದ ಕುಂದು ಎಂದು ತೀರ್ಮಾನಿಸಿ ಕೊರಗಬೇಡಿ. ಸನ್ನಿವೇಶದ ಯಾವ ಅಂಶ ನಿಮ್ಮ ಕೈ ನಡೆಸಿತು ಎಂದು ನೋಡಿಕೊಳ್ಳಿ. ಅದು ಗೊತ್ತಾದರೆ ಮುಂದಿನ ಸಲಕ್ಕೆ ತಯಾರಾಗಬಹುದು.

ಮೊದಲನೆಯ ಅಂಶ, ಹೆಜ್ಜೆಗಳ ಚಿಕ್ಕ ಗಾತ್ರ. ಬಂದ ಕೂಡಲೇ 450 ವೋಲ್ಟ್ ಒತ್ತು ಎಂದಿದ್ದರೆ ಬಹಳ ಜನ ಎದ್ದು ಹೋಗುತ್ತಿದ್ದರು. 15 ವೋಲ್ಟ್ ಯಾರಿಗೂ ದೊಡ್ಡದಲ್ಲ. 15 ಒತ್ತಿದವನಿಗೆ 30 ಬೇಡ ಎನ್ನಲು ಕಾರಣ ಸಿಗುವುದಿಲ್ಲ, 30 ಒತ್ತಿದವನಿಗೆ 45ಕ್ಕೆ ಸಿಗುವುದಿಲ್ಲ. ಒಂದು ಹಂತದಲ್ಲಿ ನಿಲ್ಲಿಸಬೇಕೆಂದರೆ ಅದಕ್ಕಿಂತ ಹಿಂದಿನದ್ದೂ ತಪ್ಪಾಗಿತ್ತೆಂದು ಒಪ್ಪಬೇಕಾಗುತ್ತದೆ. ನಿಮ್ಮಲ್ಲೂ ಜಂಪರ್ ಮೊದಲ ಹೆಜ್ಜೆಯಾಗಿರಲಾರದು. ಅದಕ್ಕೂ ಮೊದಲು ಟ್ರಿಪ್ ಆದ ಕಾರಣ ನೋಡದೆ ರೀಸೆಟ್ ಒತ್ತಿದ್ದು, ಗಾರ್ಡಿನ ಒಂದು ಬೋಲ್ಟ್ ಇಲ್ಲದಿದ್ದರೂ ಬಿಟ್ಟದ್ದು, ಚೆಕ್‌ಲಿಸ್ಟಿನಲ್ಲಿ ನೋಡದೆ ಟಿಕ್ ಹಾಕಿದ್ದು ಇದ್ದಿರಬಹುದು. ನೆನಪು ಮಾಡಿಕೊಂಡು ನೋಡಿ.

ಆ ಪ್ರಯೋಗದ ಇನ್ನೊಂದು ಆವೃತ್ತಿಯಲ್ಲಿ ಪಕ್ಕದ ಕೋಣೆಯವನು 150 ವೋಲ್ಟ್‌ನಲ್ಲಿ ಮೊದಲ ಬಾರಿಗೆ 'ನನ್ನನ್ನು ಬಿಡಿ' ಎಂದು ಕೂಗುತ್ತಾನೆ. ಬೇರಾವ ಹಂತಕ್ಕಿಂತ ಹೆಚ್ಚು ಜನ ಆ ಹಂತದಲ್ಲೇ ನಿಲ್ಲಿಸಿದರು. ಅಲ್ಲಿ ದಾಟಿದವರು ಬಹುಪಾಲು ಕೊನೆಯವರೆಗೂ ಹೋದರು. ಪಕ್ಕದ ಕೋಣೆಯ ನರಳಾಟ ಆಮೇಲೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ, ಆದರೂ ಅದು ಯಾರನ್ನೂ ಸುಲಭವಾಗಿ ತಡೆಯಲಿಲ್ಲ. ಗೆರೆ ಎಲ್ಲಿ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಿಂದಲೇ ಬರುತ್ತದೆ. ಗೆರೆಯನ್ನು ಮೊದಲೇ, ಮನಸ್ಸು ತಣ್ಣಗಿರುವಾಗ, ಕಣ್ಣಿಗೆ ಕಾಣುವ ಒಂದು ಗುರುತಿಗೆ ಕಟ್ಟಿ. "ಅಪಾಯ ಜಾಸ್ತಿಯಾದರೆ ನಿಲ್ಲಿಸುತ್ತೇನೆ" ಎಂಬುದು ಗೆರೆಯಲ್ಲ, ಏಕೆಂದರೆ ಎಷ್ಟು ಜಾಸ್ತಿ ಎಂಬುದನ್ನು ಆ ಕ್ಷಣದಲ್ಲಿ ಮೇಲಿನವರು ನಿರ್ಧರಿಸುತ್ತಾರೆ. "ಇನ್ನೊಬ್ಬರ ಕೈ ಒಳಗೆ ಹೋಗುವ ಯಂತ್ರದ ರಕ್ಷಣೆಯನ್ನು ನಾನು ಕಳಚುವುದಿಲ್ಲ" ಎಂಬುದು ಗೆರೆ. ನರ್ಸ್ ಆದರೆ "ಲೇಬಲ್‌ನ ಗರಿಷ್ಠ ಪ್ರಮಾಣ ದಾಟಿದ ಔಷಧವನ್ನು ಇನ್ನೊಬ್ಬರು ಪರಿಶೀಲಿಸದೆ ಕೊಡುವುದಿಲ್ಲ". ಲೆಕ್ಕ ಬರೆಯುವವರಾದರೆ "ಹಿಂದಿನ ತಾರೀಕು ಹಾಕುವುದಿಲ್ಲ". ಇಂಥವು ಮೂರು ನಾಲ್ಕು ಸಾಕು, ಆದರೆ ಬರೆದಿಟ್ಟುಕೊಳ್ಳಿ.

ಎರಡನೆಯದು, ಆಜ್ಞೆಯ ದನಿ. ಇಲ್ಲಿ ಜನರ ಊಹೆ ಹೆಚ್ಚಾಗಿ ತಪ್ಪುತ್ತದೆ. ಹಿಂಜರಿದವರಿಗೆ ಮಿಲ್‌ಗ್ರಾಂನ ಸಹಾಯಕ ಹೇಳಬೇಕಾದ ನಾಲ್ಕು ಮಾತುಗಳು ನಿಗದಿಯಾಗಿದ್ದವು. ಮೊದಲು ದಯವಿಟ್ಟು ಮುಂದುವರಿಸಿ, ಆಮೇಲೆ ಪ್ರಯೋಗಕ್ಕೆ ನೀವು ಮುಂದುವರಿಸುವುದು ಬೇಕು, ಆಮೇಲೆ ಅದು ಅತ್ಯಗತ್ಯ, ಕೊನೆಗೆ ನಿಮಗೆ ಬೇರೆ ದಾರಿಯಿಲ್ಲ, ಮುಂದುವರಿಸಲೇಬೇಕು. ಈ ನಾಲ್ಕರಲ್ಲಿ ಅಪ್ಪಟ ಆಜ್ಞೆ ಕೊನೆಯದು ಮಾತ್ರ. ಪ್ರಯೋಗವನ್ನು 150 ವೋಲ್ಟ್‌ಗೆ ಮಿತಗೊಳಿಸಿ ಮನಶ್ಶಾಸ್ತ್ರಜ್ಞ ಜೆರ್ರಿ ಬರ್ಗರ್ ಮತ್ತೆ ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ನಾಲ್ಕನೇ ಮಾತು ಕೇಳಿಸಿಕೊಂಡವರಲ್ಲಿ ಒಬ್ಬರೂ ಮುಂದುವರಿಯಲಿಲ್ಲ. ಗದರಿದರೆ ಮನುಷ್ಯ ಸೆಟೆದು ನಿಲ್ಲುತ್ತಾನೆ. 'ಒಳ್ಳೆಯ ಕೆಲಸಕ್ಕಾಗಿ' ಎಂದರೆ ಜೊತೆಗೆ ನಡೆಯುತ್ತಾನೆ. ನಿಮ್ಮ ಸೂಪರ್‌ವೈಸರ್ ಕೂಡ ಗದರಲಿಲ್ಲ, "ಆರ್ಡರ್ ಮುಗಿಯಲಿ" ಎಂದರು. ಎಲ್ಲರ ಗುರಿಯೂ ಆಗಿರುವ ಒಂದು ಗುರಿಯನ್ನು ಮುಂದಿಟ್ಟರು. ಮೃದು ದನಿಯಲ್ಲಿ ಬರುವ ಆಜ್ಞೆಗೇ ಹೆಚ್ಚು ಎಚ್ಚರವಿರಲಿ.

ಈ ಪ್ರಯೋಗಕ್ಕೆ ಗಂಭೀರ ಟೀಕೆಗಳೂ ಇವೆ. ಭಾಗವಹಿಸಿದವರನ್ನು ಮೋಸಗೊಳಿಸಿ ಅಷ್ಟು ಸಂಕಟಕ್ಕೆ ದೂಡಿದ್ದು ಇಂದಿನ ಸಂಶೋಧನಾ ನೀತಿಗೆ ಒಪ್ಪುವುದಿಲ್ಲ. ಆಘಾತ ಸುಳ್ಳಿರಬಹುದೆಂದು ಕೆಲವರಿಗೆ ಅನುಮಾನವಿತ್ತು. ಆದ್ದರಿಂದ 'ನೂರಕ್ಕೆ 65 ಜನ ಯಾರನ್ನಾದರೂ ಕೊಲ್ಲುತ್ತಾರೆ' ಎಂದು ಅದನ್ನು ಓದುವುದು ತಪ್ಪು. ಸನ್ನಿವೇಶ ಬದಲಾದಂತೆ ಸಂಖ್ಯೆ ಹೇಗೆ ಏರಿಳಿಯಿತು ಎಂಬುದರಲ್ಲೇ ಅದರ ಬೆಲೆಯಿದೆ. ಆಜ್ಞೆ ಕೊಡುವವನು ಕೋಣೆ ಬಿಟ್ಟು ಫೋನಿನಲ್ಲಿ ಹೇಳಿದಾಗ ಕೊನೆಯವರೆಗೆ ಹೋದವರು ಸುಮಾರು ಐದರಲ್ಲೊಬ್ಬರು. ಆಘಾತ ತಿನ್ನುವವನ ಕೈಯನ್ನು ತಾವೇ ಹಿಡಿದು ಒತ್ತಬೇಕಾದಾಗ ನೂರಕ್ಕೆ 30. ಸ್ವಿಚ್ಚನ್ನು ಬೇರೆಯವನು ಒತ್ತುತ್ತಾ ತಾವು ಬರೀ ಸಹಾಯಕ ಕೆಲಸ ಮಾಡುವಾಗ ಮಾತ್ರ 40ರಲ್ಲಿ 37.

ಈ ಕೊನೆಯ ಸಂಖ್ಯೆಯ ಮೇಲೆ ಸ್ವಲ್ಪ ನಿಲ್ಲಿ. ನೀವು ಜಂಪರ್ ಹಾಕಿದಿರಿ ಅಷ್ಟೆ. ಪ್ರೆಸ್ ಇಳಿಸುವ ಸ್ಟ್ರೋಕ್ ಬಟನ್ ಒತ್ತಿದವರು ಬೇರೆ, ಡೈ ಎಂಬ ಅಚ್ಚಿನ ಒಳಗೆ ಶೀಟ್ ಇಟ್ಟವರು ಬೇರೆ, ಹೇಳಿದವರು ಇನ್ನೂ ಬೇರೆ. ಕೆಲಸ ಹಂಚಿಹೋದಷ್ಟೂ ಪ್ರತಿಯೊಬ್ಬನ ಪಾಲು ಸಣ್ಣದಾಗಿ ಕಾಣುತ್ತದೆ, ಅಪಾಯ ಮಾತ್ರ ಇಡಿಯಾಗಿಯೇ ಇರುತ್ತದೆ. "ನನ್ನ ಜವಾಬ್ದಾರಿ" ಎಂಬ ಮಾತೂ ಇದೇ ಕೆಲಸ ಮಾಡುತ್ತದೆ. ಆ ಮಾತು ಪ್ರೆಸ್‌ನ ಚಲನೆಯನ್ನು ಒಂದು ಮಿಲಿಮೀಟರ್ ಕೂಡ ಬದಲಿಸುವುದಿಲ್ಲ. ಕಾನೂನಿನ ದೃಷ್ಟಿಯಲ್ಲೂ ಹೊಣೆ ಅಷ್ಟು ಸುಲಭವಾಗಿ ಕೈ ಬದಲಾಯಿಸುವುದಿಲ್ಲ. ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಗೆ ಅಡಿಪಾಯವಾದ 1945ರ ಲಂಡನ್ ಸನ್ನದಿನ 8ನೇ ವಿಧಿ ಇದನ್ನು ನೇರವಾಗಿ ಹೇಳಿತು: ಮೇಲಿನವರ ಆಜ್ಞೆಯಂತೆ ನಡೆದೆ ಎಂಬುದು ಹೊಣೆಯಿಂದ ಬಿಡಿಸುವುದಿಲ್ಲ, ಶಿಕ್ಷೆ ತಗ್ಗಿಸುವಾಗ ಅದನ್ನು ಪರಿಗಣಿಸಬಹುದು, ಅಷ್ಟೆ. ಅದು ಯುದ್ಧಾಪರಾಧದ ಮಾತು, ನಿಮ್ಮದರ ಜೊತೆ ತೂಗುವಂಥದ್ದಲ್ಲ. ಆದರೆ ಹೊಣೆಯನ್ನು ಹಂಚಿಕೊಳ್ಳಬಹುದೇ ಹೊರತು ಪೂರ್ತಿ ಇನ್ನೊಬ್ಬರಿಗೆ ದಾಟಿಸಲಾಗದು ಎಂಬ ಮಾತು ಎರಡೂ ಕಡೆ ನಿಲ್ಲುತ್ತದೆ.

ತಜ್ಞತೆಯ ಅಧಿಕಾರ ಎದುರಿಗಿದ್ದಾಗ ಏನಾಗುತ್ತದೆ? 1966ರಲ್ಲಿ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಗುರುತೇ ಇಲ್ಲದ 'ವೈದ್ಯ' ಆಸ್ಪತ್ರೆಗೆ ಫೋನ್ ಮಾಡಿ ಒಂದು ಔಷಧವನ್ನು 20 ಮಿಲಿಗ್ರಾಂ ಕೊಡಲು ಹೇಳುತ್ತಾನೆ. ಡಬ್ಬಿಯ ಮೇಲೆ ಗರಿಷ್ಠ 10 ಮಿಲಿಗ್ರಾಂ ಎಂದು ಬರೆದಿದೆ. 22 ನರ್ಸ್‌ಗಳಲ್ಲಿ 21 ಮಂದಿ ಕೊಡಲು ಹೊರಟರು, ಅವರನ್ನು ತಡೆಯಲಾಯಿತು. ಅದೊಂದು ನಿರಪಾಯಕಾರಿ ಪುಡಿ, ಹೆಸರೂ ಕಲ್ಪಿತ. 1977ರಲ್ಲಿ ಬೇರೆ ಸಂಶೋಧಕರು ಎರಡು ಬದಲಾವಣೆ ಮಾಡಿದರು. ನರ್ಸ್‌ಗಳಿಗೆ ಚೆನ್ನಾಗಿ ಗೊತ್ತಿದ್ದ ಔಷಧ, ಮತ್ತು ಸಹೋದ್ಯೋಗಿಗಳನ್ನು ಕೇಳಲು ಅವಕಾಶ. ಈ ಸಲ 18ರಲ್ಲಿ ಇಬ್ಬರು ಮಾತ್ರ ಕೊಡಲು ಸಿದ್ಧರಾದರು. ನರ್ಸ್‌ಗಳ ಧೈರ್ಯ 11 ವರ್ಷಗಳಲ್ಲಿ ದಿಢೀರನೆ ಬೆಳೆದುಬಿಡಲಿಲ್ಲ. ತಿಳಿವಳಿಕೆ ಇತ್ತು, ಪಕ್ಕದಲ್ಲಿ ಕೇಳಲು ಇನ್ನೊಬ್ಬರಿದ್ದರು. ಮಿಲ್‌ಗ್ರಾಂನಲ್ಲೂ ಜೊತೆಗಿದ್ದ ಇಬ್ಬರು 'ಶಿಕ್ಷಕರು' ಒಲ್ಲೆವೆಂದು ಎದ್ದು ನಿಂತಾಗ ಕೊನೆಯವರೆಗೆ ಹೋದವರು 40ರಲ್ಲಿ ನಾಲ್ಕೇ ಜನ. ನಿಮಗೆ ಇದರಿಂದ ಸಿಗುವ ಉಪಾಯ ಸರಳವಾದದ್ದು: ಇಂಥ ಆಜ್ಞೆ ಬಂದಾಗ ಒಬ್ಬರೇ ಉತ್ತರಿಸಬೇಡಿ. "ಒಂದು ನಿಮಿಷ ಸರ್, ಎಲೆಕ್ಟ್ರಿಷಿಯನ್‌ನ ಕರೆಯುತ್ತೇನೆ" ಎನ್ನಿ. ಆ ಒಂದು ನಿಮಿಷ ಬಹಳ ಬೆಲೆಯುಳ್ಳದ್ದು.

ಫೋನಿನಲ್ಲಿ ಪೊಲೀಸ್ ಅಥವಾ ಬ್ಯಾಂಕ್ ಅಧಿಕಾರಿ ಎಂದು ಹೇಳಿಕೊಂಡು ಹಣ ಕೀಳುವವರು ಇದನ್ನು ಚೆನ್ನಾಗಿ ಬಲ್ಲರು. ಕರೆ ಕಟ್ ಮಾಡಬೇಡಿ, ಯಾರಿಗೂ ಹೇಳಬೇಡಿ ಎನ್ನುವುದು ಆ ಎರಡನೇ ಮನುಷ್ಯನನ್ನು ದೂರವಿಡಲಿಕ್ಕೇ. ಕರೆ ನಿಲ್ಲಿಸಿ, ಸಂಸ್ಥೆಯ ನಂಬರನ್ನು ನೀವೇ ಹುಡುಕಿ ತಿರುಗಿ ಕರೆಯಿರಿ.

ಈಗ ನಿಮ್ಮ "ಸರಿ ಅಲ್ವೇನೋ"ಗೆ ಬರೋಣ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಿತ್ತು. ಕೆಎಲ್‌ಎಂ ಸಂಸ್ಥೆಯ ಬೋಯಿಂಗ್ 747 ವಿಮಾನ ಹಾರಲು ಅನುಮತಿ ಸಿಗುವ ಮೊದಲೇ ಓಡಲು ತೊಡಗಿತು. ಅದೇ ರನ್‌ವೇ ಮೇಲೆ ಪ್ಯಾನ್ ಅಮೆರಿಕನ್ ಸಂಸ್ಥೆಯ ಇನ್ನೊಂದು 747 ಇತ್ತು. ಆ ವಿಮಾನ ಇನ್ನೂ ಪಕ್ಕಕ್ಕೆ ಸರಿದಿಲ್ಲವೇ ಎಂದು ಓಡುತ್ತಿದ್ದ ವಿಮಾನದ ಫ್ಲೈಟ್ ಇಂಜಿನಿಯರ್ ಕೇಳಿದ. ಸರಿದಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಉತ್ತರಿಸಿದ. ಆತ ಸಂಸ್ಥೆಯ 747 ತರಬೇತಿಯ ಹಿರಿಯ. ಇಂಜಿನಿಯರ್ ಮತ್ತೆ ಮಾತಾಡಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಡಿಕ್ಕಿಯಾಗಿ 583 ಜನ ಸತ್ತರು. ಇಂಜಿನಿಯರ್‌ಗೆ ಬಂದ ಸಂಶಯ ಸರಿಯಾಗಿತ್ತು, ಹೊತ್ತೂ ಸರಿಯಾಗಿತ್ತು. ಆದರೆ ಅದು ಪ್ರಶ್ನೆಯ ರೂಪದಲ್ಲಿತ್ತು. ಪ್ರಶ್ನೆಗೆ ಉತ್ತರ ಸಿಕ್ಕರೆ ಮಾತು ಮುಗಿಯುತ್ತದೆ, ಉತ್ತರ ತಪ್ಪಾಗಿದ್ದರೂ.

ಇಂಥ ಅಪಘಾತಗಳ ನಂತರ ವಿಮಾನಯಾನದಲ್ಲಿ, ಆಮೇಲೆ ಆಸ್ಪತ್ರೆಗಳಲ್ಲಿ, ಕಿರಿಯರಿಗೆ ಮಾತಿನ ಮೆಟ್ಟಿಲುಗಳನ್ನೇ ಕಲಿಸಲು ಶುರು ಮಾಡಿದರು. ನಾಲ್ಕು ಮೆಟ್ಟಿಲು: ಕೇಳು, ಎಚ್ಚರಿಸು, ಎದುರು ನಿಲ್ಲು, ನಿಲ್ಲಿಸು. ನಿಮ್ಮ ಪ್ರೆಸ್‌ಗೆ ಅವು ಹೀಗಿರುತ್ತವೆ.

"ಸರ್, ಕರ್ಟನ್ ಬೈಪಾಸ್ ಆದರೆ ಆಪರೇಟರ್ ಕೈಗೆ ಬೇರೆ ಏನು ರಕ್ಷಣೆ ಇರುತ್ತದೆ?" ಇದು ಮೊದಲನೆಯದು. ಅವರಿಗೆ ಯೋಚಿಸಲು ದಾರಿ ಕೊಡುತ್ತದೆ, ಮುಖ ಕೆಡಿಸುವುದಿಲ್ಲ.

ಉತ್ತರ ಸಮರ್ಪಕವಿಲ್ಲದಿದ್ದರೆ ಪ್ರಶ್ನಾರ್ಥಕ ಬಿಡಿ. "ಕರ್ಟನ್ ಇಲ್ಲದೆ ಇದು ಓಡಿದರೆ ಕೈ ಕತ್ತರಿಸಿ ಹೋಗಬಹುದು. ನನಗೆ 20 ನಿಮಿಷ ಕೊಡಿ, ಯಾಕೆ ಟ್ರಿಪ್ ಆಗುತ್ತಿದೆ ನೋಡುತ್ತೇನೆ." ಅಪಾಯದ ಹೆಸರು ಮತ್ತು ಬದಲಿ ದಾರಿ, ಎರಡೂ ಒಂದೇ ಉಸಿರಿನಲ್ಲಿ ಬರಬೇಕು. ಈ ಹಂತದಲ್ಲೇ ಬಹಳಷ್ಟು ಜಗಳ ತಪ್ಪುತ್ತದೆ, ಏಕೆಂದರೆ ಸೂಪರ್‌ವೈಸರ್‌ಗೆ ಬೇಕಾಗಿದ್ದು ಓಡುವ ಲೈನ್, ಜಂಪರ್ ಅಲ್ಲ. ಲೈಟ್ ಕರ್ಟನ್ ಸುಮ್ಮನೆ ಟ್ರಿಪ್ ಆಗುವುದಿಲ್ಲ. ಲೆನ್ಸ್ ಮೇಲೆ ಎಣ್ಣೆಯ ಪಸೆ ಕೂತಿರುತ್ತದೆ, ಕಂಪನಕ್ಕೆ ಬ್ರಾಕೆಟ್ ಸಡಿಲಗೊಂಡು ಕಳಿಸುವ ಕಂಬಕ್ಕೂ ಪಡೆಯುವ ಕಂಬಕ್ಕೂ ಹೊಂದಾಣಿಕೆ ತಪ್ಪಿರುತ್ತದೆ, ಕೇಬಲ್ ಕನೆಕ್ಟರ್ ಲೂಸ್ ಆಗಿರುತ್ತದೆ, ಪಕ್ಕದ ವೆಲ್ಡಿಂಗ್ ಬೆಳಕು ರಿಸೀವರ್‌ಗೆ ಬೀಳುತ್ತಿರುತ್ತದೆ, ಅಥವಾ ಶೀಟ್‌ನ ಅಂಚೇ ಕಿರಣಕ್ಕೆ ಅಡ್ಡ ಬರುತ್ತಿರುತ್ತದೆ. ಇವನ್ನು ಒಂದೊಂದಾಗಿ ನೋಡಿ.

ಆಪರೇಟರ್ ಹುಷಾರಾಗಿ ಕೆಲಸ ಮಾಡಲಿ ಎಂದರೆ ಲೆಕ್ಕ ತೋರಿಸಿ. ಸುರಕ್ಷತಾ ಅಂತರ ಲೆಕ್ಕ ಹಾಕುವಾಗ ಕೈಯ ವೇಗವನ್ನು ಸೆಕೆಂಡಿಗೆ 2 ಮೀಟರ್ ಎಂದು ಹಿಡಿಯುತ್ತಾರೆ. ನಿಲ್ಲಲು 0.2 ಸೆಕೆಂಡ್ ಬೇಕಾದ ಪ್ರೆಸ್‌ನಲ್ಲಿ ಆ ಹೊತ್ತಿಗೆ ಕೈ 40 ಸೆಂಟಿಮೀಟರ್ ಒಳಗೆ ಹೋಗಿರುತ್ತದೆ. ಕಣ್ಣಿಂದ ನೋಡಿ ಕೈ ಹಿಂದೆಗೆಯುವಷ್ಟು ಸಮಯ ಅಲ್ಲಿ ಇರುವುದೇ ಇಲ್ಲ.

ಮೂರನೆಯ ಮೆಟ್ಟಿಲಿಗೆ ಒಂದೇ ವಾಕ್ಯ: "ಸರ್, ಬೈಪಾಸ್ ನಾನು ಮಾಡುವುದಿಲ್ಲ." ಇದಕ್ಕೆ 'ಅನ್ನಿಸುತ್ತೆ', 'ಬಹುಶಃ', 'ಕ್ಷಮಿಸಿ' ಅಂಟಿಸಬೇಡಿ. ಮೆಲುದನಿಯಲ್ಲಿ ಹೇಳಿ, ಸಾಧ್ಯವಾದರೆ ಉಳಿದ ಕೆಲಸಗಾರರ ಮುಂದೆ ಬೇಡ. ಹತ್ತು ಜನರೆದುರು ಹೇಳಿದರೆ ವಿಷಯ ಯಂತ್ರದಿಂದ ಮರ್ಯಾದೆಗೆ ತಿರುಗುತ್ತದೆ. ಕಾರಣಗಳ ಪಟ್ಟಿಯನ್ನೂ ಬೆಳೆಸಬೇಡಿ. ಕೊಟ್ಟ ಪ್ರತಿ ಕಾರಣವೂ ಅವರು ಅಲ್ಲಗಳೆಯಬಹುದಾದ ಒಂದು ಹಿಡಿಕೆ. ಆಸ್ಪತ್ರೆಗಳ ತರಬೇತಿಯಲ್ಲಿ ಎರಡು ಸಲ ಹೇಳುವ ನಿಯಮವೆಂಬುದಿದೆ: ಮೊದಲ ಮಾತಿಗೆ ಕಿವಿಗೊಡದಿದ್ದರೆ ಇನ್ನೊಮ್ಮೆ ಹೇಳಲೇಬೇಕು, ಆಗಲೂ ಕೇಳದಿದ್ದರೆ ಮುಂದಿನ ಮೇಲಧಿಕಾರಿಗೆ ಹೋಗಬೇಕು. ಎರಡನೇ ಸಲ ಹೇಳುವುದು ಕರ್ತವ್ಯವೆಂದು ಮೊದಲೇ ಒಪ್ಪಿಕೊಂಡಿದ್ದರೆ ಅದು ಉದ್ಧಟತನವಾಗಿ ಯಾರಿಗೂ ಕೇಳಿಸುವುದಿಲ್ಲ.

ನಾಲ್ಕನೆಯದು ಕೈಯ ಕೆಲಸ. ಬೇರೆಯವರು ಬಂದು ಜಂಪರ್ ಹಾಕಲಿದ್ದಾರೆ ಎಂದು ಗೊತ್ತಾದರೆ ವಿದ್ಯುತ್ ಕಡಿಯುವ ಮೈನ್ ಐಸೊಲೇಟರ್ ಆಫ್ ಮಾಡಿ, ನಿಮ್ಮ ಬೀಗ ಹಾಕಿ, ಹೆಸರು, ಕಾರಣ, ಸಮಯ ಬರೆದ ಟ್ಯಾಗ್ ಕಟ್ಟಿ, ಕೀಲಿ ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. ಮೇಲೆ ನಿಂತ ಒತ್ತುವ ಭಾಗವಾದ ರ್‍ಯಾಮ್‌ಗೆ ಕೆಳಗೆ ಬೀಳದಂತೆ ಸೇಫ್ಟಿ ಬ್ಲಾಕ್ ಕೊಡಿ, ಆಮೇಲೆ ಗಾಳಿಯ ಒತ್ತಡ ಬಿಡಿ, ಸ್ಟಾರ್ಟ್ ಒತ್ತಿ ಯಂತ್ರ ನಿಜಕ್ಕೂ ಸತ್ತಿದೆಯೇ ನೋಡಿ. ಆಮೇಲೆ ಸೂಪರ್‌ವೈಸರ್‌ನ ಮೇಲಿನವರಿಗೆ, ಸುರಕ್ಷತಾ ಅಧಿಕಾರಿಗೆ ತಿಳಿಸಿ. ಅವತ್ತೇ ಎರಡು ಸಾಲು ಬರೆದಿಡಿ: ಯಾರು, ಯಾವಾಗ, ಯಾವ ಯಂತ್ರ, ಏನು ಹೇಳಿದರು, ನೀವೇನು ಹೇಳಿದಿರಿ. ವಿಶೇಷಣಗಳು ಬೇಡ.

ಹಾಗಾದರೆ ಎಲ್ಲಕ್ಕೂ ಕಾರಣ ಕೇಳುತ್ತಾ ನಿಲ್ಲಬೇಕೇ? ಬೇಡ. ಬೆಂಕಿ ಬಿದ್ದಾಗ ಹೊರಗೆ ಹೋಗು ಎಂದರೆ ಹೋಗಬೇಕು, ಕ್ರೇನ್ ಎತ್ತುವಾಗ ಸಿಗ್ನಲ್ ಕೊಡುವವನ ಮಾತೇ ಮಾತು. ನಾನು ಹಿಡಿಯುವ ಅಳತೆ ಇಷ್ಟು: 'ನಿಲ್ಲಿಸು' ಎಂಬ ಆಜ್ಞೆ ಯಾರಿಂದ ಬಂದರೂ, ನಿನ್ನೆ ಸೇರಿದ ಹುಡುಗನಿಂದ ಬಂದರೂ, ತಕ್ಷಣ ಪಾಲಿಸಿ, ಕಾರಣ ಆಮೇಲೆ ಕೇಳಿ. 'ಮುಂದುವರಿಸು' ಎಂಬ ಆಜ್ಞೆ ಎಷ್ಟು ಮೇಲಿನಿಂದ ಬಂದರೂ ಕಾರಣ ಮೊದಲು. ತಪ್ಪಾಗಿ ನಿಲ್ಲಿಸಿದರೆ ಹೆಚ್ಚಾಗಿ ಹೋಗುವುದು ಸಮಯ. ತಪ್ಪಾಗಿ ಮುಂದುವರಿಸಿದರೆ ಹೋಗಿದ್ದು ಮರಳುವುದಿಲ್ಲ.

ಇದನ್ನು ತಲೆಕೆಳಗು ಮಾಡಿದಾಗ ಏನಾಗುತ್ತದೆ ಎಂಬುದಕ್ಕೆ ಚಾಲೆಂಜರ್ ಇದೆ. 1986ರ ಜನವರಿ 28ರಂದು ಆ ಬಾಹ್ಯಾಕಾಶ ನೌಕೆ ಹಾರುವ ಹಿಂದಿನ ರಾತ್ರಿ, ರಾಕೆಟ್ ತಯಾರಿಸಿದ ಕಂಪನಿಯ ಇಂಜಿನಿಯರ್‌ಗಳು ಚಳಿಗೆ ಓ-ರಿಂಗ್ ಎಂಬ ರಬ್ಬರ್ ಸೀಲ್ ಗಡುಸಾಗಿ ಪುಟಿಯುವ ಗುಣ ಕಳೆದುಕೊಳ್ಳುತ್ತದೆ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಾರಿಸಬೇಡಿ ಎಂದು ವಾದಿಸಿದರು. ಹಾರಿಸುವುದು ಸುರಕ್ಷಿತವೆಂದು ತೋರಿಸಿ ಎಂದು ಕೇಳಬೇಕಿದ್ದ ಕಡೆ, ಅಸುರಕ್ಷಿತವೆಂದು ಸಾಬೀತುಪಡಿಸಿ ಎಂಬಂತೆ ಚರ್ಚೆ ತಿರುಗಿತು. ಕಂಪನಿಯ ಆಡಳಿತ ಕೊನೆಗೆ ಒಪ್ಪಿಗೆ ಕೊಟ್ಟಿತು. ಉಡಾವಣೆಯ ಹೊತ್ತಿಗೆ ಇದ್ದದ್ದು ಸುಮಾರು 2 ಡಿಗ್ರಿ. ಹಾರಿದ 73 ಸೆಕೆಂಡಿಗೆ ನೌಕೆ ಒಡೆದುಹೋಗಿ ಏಳು ಮಂದಿ ಸತ್ತರು. ಅದಕ್ಕೂ ಮೊದಲಿನ ಹಲವು ಹಾರಾಟಗಳಲ್ಲಿ ಅದೇ ಸೀಲ್ ಸವೆದಿತ್ತು, ಆದರೂ ನೌಕೆ ಸುಖವಾಗಿ ಮರಳಿತ್ತು. 'ಏನೂ ಆಗಲಿಲ್ಲ' ಎಂಬುದೇ ಮುಂದಿನ ಸಲಕ್ಕೆ ಅನುಮತಿಯಾಯಿತು. ನಿಮ್ಮ ಎರಡು ಶಿಫ್ಟ್‌ಗಳೂ ಹಾಗೆಯೇ. ಅವು ಬೈಪಾಸ್ ಸುರಕ್ಷಿತವೆಂದು ತೋರಿಸಲಿಲ್ಲ. ಕೈ ಆ ಕ್ಷಣದಲ್ಲಿ ಅಲ್ಲಿರಲಿಲ್ಲ ಎಂದಷ್ಟೇ ತೋರಿಸಿದವು.

ಇದನ್ನು ಆಜ್ಞೆ ಕೊಡುವ ಸ್ಥಾನದಲ್ಲಿರುವವರೂ ಓದುತ್ತಿರಬಹುದು. ಅವರಿಗೆ ನನ್ನ ಕೋರಿಕೆ: "ಏನಾದರೂ ಸಂಶಯ ಇದೆಯಾ?" ಎಂದು ಕೇಳಬೇಡಿ, ಅದಕ್ಕೆ ಎಲ್ಲರ ಉತ್ತರ 'ಇಲ್ಲ ಸರ್'. "ಇದರಲ್ಲಿ ಏನು ತಪ್ಪಾಗಬಹುದು, ಒಬ್ಬೊಬ್ಬರು ಒಂದೊಂದು ಹೇಳಿ" ಎನ್ನಿ, ಕಿರಿಯರಿಂದ ಶುರು ಮಾಡಿ, ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ. ಬೈಪಾಸ್ ಅನಿವಾರ್ಯವೆನಿಸಿದರೆ ಬಾಯಿಮಾತು ಸಾಲದು. ಕಾಗದದಲ್ಲಿ ಕಾರಣ, ಬದಲಿ ರಕ್ಷಣೆ, ಮುಗಿಯುವ ಗಂಟೆ, ಎರಡು ಸಹಿ ಇರಲಿ. ಬರೆದು ಸಹಿ ಹಾಕಬೇಕಾದಾಗ ಬಹಳ ಆಜ್ಞೆಗಳು ತಾವಾಗಿಯೇ ಹಿಂದೆ ಸರಿಯುತ್ತವೆ.

ನಿಮ್ಮ ಅಸಮಾಧಾನಕ್ಕೆ ಬಾಕಿ ಉಳಿದಿರುವ ಕೆಲಸ ಮೂರು. ಜಂಪರ್ ತೆಗೆದಿದ್ದೀರಿ, ಆದರೆ ಕರ್ಟನ್ ಮತ್ತೆ ಕೆಲಸ ಮಾಡುತ್ತಿದೆ ಎಂದು ಪರೀಕ್ಷಿಸಿದಿರಾ? ತಯಾರಕರು ಕೊಟ್ಟ ಟೆಸ್ಟ್ ಕೋಲನ್ನು ಮೇಲಿಂದ ಕೆಳಗೆ, ಎರಡೂ ಕಂಬಗಳ ಹತ್ತಿರ ಮತ್ತು ನಡುವೆ ನಿಧಾನವಾಗಿ ಎಳೆದು, ಎಲ್ಲ ಕಡೆಯೂ ಟ್ರಿಪ್ ಆಗುತ್ತದೆಯೇ ನೋಡಿ. ಬೈಪಾಸ್ ಆದದ್ದನ್ನು ಲಾಗ್ ಪುಸ್ತಕದಲ್ಲಿ ದಿನ ಮತ್ತು ಗಂಟೆ ಸಮೇತ ಬರೆಯಿರಿ, ನಿಮ್ಮ ಹೆಸರನ್ನೂ ಬರೆಯಿರಿ. ಆಮೇಲೆ ಆ ಎರಡು ಶಿಫ್ಟ್‌ಗಳಲ್ಲಿ ಆ ಪ್ರೆಸ್ ಮೇಲಿದ್ದ ಆಪರೇಟರ್‌ಗಳನ್ನು ಕಂಡು, ಅವತ್ತು ಕರ್ಟನ್ ಕೆಲಸ ಮಾಡುತ್ತಿರಲಿಲ್ಲ ಎಂದು ಹೇಳಿ. ಕರ್ಟನ್ ಇದೆ ಎಂಬ ನಂಬಿಕೆಯಲ್ಲಿ ಅವರು ಅಷ್ಟೂ ಹೊತ್ತು ಕೈ ಒಳಗಿಡುತ್ತಿದ್ದರು. ಆಜ್ಞೆ ಕೊಡುವಾಗ, ಪಾಲಿಸುವಾಗ ಯಾರೂ ಕೇಳದೆ ಬಿಟ್ಟದ್ದು ಅವರನ್ನೇ.